ಡಿಸ್ಕಿನಲ್ಲೂ ಉಂಟು ಖರಾಬು: ಕಡತ ವ್ಯವಸ್ಥೆಗಳ ಜಾಗದ ಲೆಕ್ಕ

ಪೆಟ್ಟಿಗೆಯ ಮೇಲೆ 1 ಟಿಬಿ ಎಂದು ಮುದ್ರಿಸಿದ ಒಂದು ಹಾರ್ಡ್ ಡಿಸ್ಕನ್ನು ನೀವು ಕೊಂಡು ತಂದಿದ್ದೀರಿ ಎಂದುಕೊಳ್ಳಿ. ಲಿನಕ್ಸ್ ಇರುವ ಗಣಕಕ್ಕೆ ಅದನ್ನು ಜೋಡಿಸಿ, ಫಾರ್ಮ್ಯಾಟ್ ಮಾಡಿ, ಎಷ್ಟು ಜಾಗವಿದೆ ಎಂದು ಕೇಳುತ್ತೀರಿ. ಅದರೊಳಗೆ ನೀವು ಇನ್ನೂ ಒಂದು ಕಡತವನ್ನೂ ಹಾಕಿಲ್ಲ. ಆದರೂ ಗಣಕದ ಉತ್ತರ ಹೀಗಿರುತ್ತದೆ: ಒಟ್ಟು ಜಾಗ ಸುಮಾರು 916 ಜಿಬಿ, ನಿಮಗೆ ಲಭ್ಯವಿರುವುದು ಸುಮಾರು 870 ಜಿಬಿ. ಸಾವಿರ ಎಂದು ದುಡ್ಡು ಕೊಟ್ಟದ್ದಕ್ಕೆ ಕೈಗೆ ಬಂದದ್ದು 870! ಉಳಿದ 130 ಎಲ್ಲಿ ಹೋಯಿತು? ಅಂಗಡಿಯವನು ಮೋಸ ಮಾಡಿದನೆ, ಕಾರ್ಖಾನೆಯವರು ಮಾಡಿದರೆ, ಅಥವಾ ಗಣಕವೇ ಲೆಕ್ಕ ತಪ್ಪಿತೆ?

ಇವರಲ್ಲಿ ಯಾರೂ ಕದ್ದಿಲ್ಲ. ಆದರೆ 'ಜಾಗ' ಎಂಬ ಒಂದೇ ಮಾತನ್ನು ಇವರೆಲ್ಲ ಬೇರೆ ಬೇರೆ ಅರ್ಥದಲ್ಲಿ ಬಳಸುತ್ತಿದ್ದಾರೆ. ಈ ವ್ಯತ್ಯಾಸ ಒಂದೇ ದಿನ ಹುಟ್ಟಿದ್ದಲ್ಲ. ಅದಕ್ಕೆ 60 ವರ್ಷಗಳಿಗೂ ಮೀರಿದ ಇತಿಹಾಸವಿದೆ. ಆ ಇತಿಹಾಸವನ್ನು ತಿಳಿದರೆ ನ್ಯಾಯವಾದ ಕೊರತೆ ಯಾವುದು, ನಿಜವಾದ ಮೋಸ ಯಾವುದು ಎಂದು ನೀವೇ ಗುರುತಿಸಬಹುದು. ಬನ್ನಿ, ನಮಗೆಲ್ಲ ಗೊತ್ತಿರುವ ಒಂದು ಕಾಗದದಿಂದಲೇ ಆರಂಭಿಸೋಣ.

ಉತಾರ ಹೇಳುವ ಪಾಠ

ವಿಜಯಪುರ ಜಿಲ್ಲೆಯ ಯಂಕಂಚಿಯಲ್ಲಾಗಲಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಯಾವುದೇ ಹಳ್ಳಿಯಲ್ಲಾಗಲಿ ರೈತರ ಮನೆಯಲ್ಲಿ 'ಉತಾರ' ಇದ್ದೇ ಇರುತ್ತದೆ. ದಕ್ಷಿಣದ ಜಿಲ್ಲೆಗಳವರು ಇದನ್ನೇ ಪಹಣಿ ಎನ್ನುತ್ತಾರೆ. ಅದರಲ್ಲಿ ಹೊಲದ ವಿಸ್ತೀರ್ಣವನ್ನು ಬರೆಯುವ ಕ್ರಮವನ್ನು ಗಮನಿಸಿ. ಮೊದಲು ಒಟ್ಟು ವಿಸ್ತೀರ್ಣ. ಅದರ ಕೆಳಗೆ ಖರಾಬು 'ಅ', ಖರಾಬು 'ಬ'. ಕೊನೆಯಲ್ಲಿ ಇವನ್ನು ಕಳೆದು ಉಳಿದದ್ದು. ಒಂದು ಹೊಲದ ಒಟ್ಟು ವಿಸ್ತೀರ್ಣ 8 ಎಕರೆ 20 ಗುಂಟೆ, ಖರಾಬು 25 ಗುಂಟೆ ಎಂದಿಟ್ಟುಕೊಂಡರೆ ಸಾಗುವಳಿಗೆ ಉಳಿಯುವುದು 7 ಎಕರೆ 35 ಗುಂಟೆ. ಕಂದಾಯ ಬೀಳುವುದು ಈ ಕೊನೆಯ ಸಂಖ್ಯೆಯ ಮೇಲೆ.

ಖರಾಬು ಎಂದರೆ ಕೆಟ್ಟ ಭೂಮಿ ಎಂದಷ್ಟೇ ತಿಳಿಯಬೇಡಿ. 1966ರ ಕರ್ನಾಟಕ ಭೂ ಕಂದಾಯ ನಿಯಮಗಳಲ್ಲಿ 21ನೆಯ ನಿಯಮ ಇದನ್ನು ಎರಡು ಬಗೆಯಾಗಿ ವಿಂಗಡಿಸುತ್ತದೆ. ಮೊದಲನೆಯದು, ಮೋಜಣಿಯ ಕಾಲಕ್ಕೆ ಬೇಸಾಯಕ್ಕೆ ಒದಗದ ನೆಲ. ರೈತನ ಹೊಲಮನೆ, ರಾಶಿ ಮಾಡುವ ಕಣ ಕೂಡ ಇದರಲ್ಲೇ ಸೇರುತ್ತವೆ. ಎರಡನೆಯದು, ದಾರಿ, ಹಳ್ಳ, ಕೆರೆ, ಸ್ಮಶಾನ ಮುಂತಾಗಿ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ನೆಲ. ಕಣದಲ್ಲಿ ಯಾರೂ ಜೋಳ ಬಿತ್ತುವುದಿಲ್ಲ, ನಿಜ. ಆದರೆ ಕಣವಿಲ್ಲದೆ ಜೋಳದ ರಾಶಿ ಆಗುವುದು ಹೇಗೆ? ದಾರಿಯಿಲ್ಲದೆ ಬಂಡಿ ಹೊಲಕ್ಕೆ ಹೋಗುವುದು ಹೇಗೆ?

ಈ ಪದ್ಧತಿಯ ಬೇರು ಹಳೆಯ ಮುಂಬಯಿ ಪ್ರಾಂತದ ಮೋಜಣಿಯಲ್ಲಿದೆ. ಗೋಲ್ಡ್‌ಸ್ಮಿಡ್, ವಿಂಗೇಟ್, ಡೇವಿಡ್‌ಸನ್ ಎಂಬ ಮೂವರು ಅಧಿಕಾರಿಗಳು 1847ರಲ್ಲಿ ಸಲ್ಲಿಸಿದ ಜಂಟಿ ವರದಿ ಅದಕ್ಕೆ ಅಡಿಪಾಯ ಹಾಕಿತು. 1956ರವರೆಗೆ ಮುಂಬಯಿಗೆ ಸೇರಿದ್ದ ನಮ್ಮ ಜಿಲ್ಲೆ ಆ ಲೆಕ್ಕವನ್ನು ಕರ್ನಾಟಕಕ್ಕೆ ತಂದಿತು. 33 ಅಡಿ ಉದ್ದ, 33 ಅಡಿ ಅಗಲದ ಚೌಕ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. 2000ದ ದಶಕದ ಆರಂಭದಲ್ಲಿ 'ಭೂಮಿ' ಯೋಜನೆಯ ಮೂಲಕ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದಾಗಲೂ ಒಟ್ಟು, ಖರಾಬು, ಉಳಿದದ್ದು ಎಂಬ ಈ ಕ್ರಮ ಹಾಗೆಯೇ ಉಳಿಯಿತು. ಮುಚ್ಚುಮರೆಯಿಲ್ಲದ ಲೆಕ್ಕ ಇದು. ಎಷ್ಟಿದೆ, ಎಷ್ಟು ಕಳೆಯಿತು, ಯಾಕೆ ಕಳೆಯಿತು ಎಂಬುದೆಲ್ಲ ಒಂದೇ ಹಾಳೆಯಲ್ಲಿ ಕಾಣುತ್ತದೆ.

ಡಿಸ್ಕಿಗೂ ಇಂಥ ಒಂದು ಉತಾರ ಬೇಕು. ಅದನ್ನು ನಾವೇ ಬರೆಯೋಣ.

ಮೊದಲ ಕಳೆತ: ಅಳತೆಗೋಲು

ಮೊಟ್ಟಮೊದಲ ಕೊರತೆ ನಿಜವಾಗಿ ಕೊರತೆಯೇ ಅಲ್ಲ. ಡಿಸ್ಕ್ ತಯಾರಕರು ಕಿಲೋ ಎಂದರೆ 1000, ಗಿಗಾ ಎಂದರೆ 100 ಕೋಟಿ ಎಂದು ಎಣಿಸುತ್ತಾರೆ. ನಾವು ಭೌತವಿಜ್ಞಾನದಲ್ಲಿ ಬಳಸುವ ಅರ್ಥವೂ ಅದೇ. ಆದರೆ ಗಣಕದ ಸ್ಮೃತಿ ಎರಡರ ಘಾತಗಳಲ್ಲಿ ಬೆಳೆಯುವುದರಿಂದ ಗಣಕತಜ್ಞರು 1024ನ್ನು ಕಿಲೋ ಎಂದು ಕರೆಯುವ ರೂಢಿ ಮಾಡಿಕೊಂಡರು. ಕಿಲೋ ಹಂತದಲ್ಲಿ ಈ ವ್ಯತ್ಯಾಸ ಶೇ. 2.4 ಮಾತ್ರ. ಗಿಗಾ ಹಂತಕ್ಕೆ ಅದು ಶೇ. 7ನ್ನು, ಟೆರಾ ಹಂತಕ್ಕೆ ಶೇ. 10ರ ಹತ್ತಿರವನ್ನು ಮುಟ್ಟುತ್ತದೆ. ಹಾಗಾಗಿ ಒಂದು ಲಕ್ಷ ಕೋಟಿ ಬೈಟ್‌ಗಳ ಡಿಸ್ಕನ್ನು 1024ರ ಗೋಲಿನಲ್ಲಿ ಅಳೆದಾಗ 931 ಜಿಬಿ ಎಂದು ಬರುತ್ತದೆ. ಒಂದು ಬೈಟೂ ಕಳೆದಿಲ್ಲ, ಗೋಲು ಮಾತ್ರ ಬೇರೆ.

ಈ ಗೊಂದಲ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಅಮೆರಿಕದಲ್ಲಿ ಗ್ರಾಹಕರು ಹೂಡಿದ ದಾವೆಗಳನ್ನು ವೆಸ್ಟರ್ನ್ ಡಿಜಿಟಲ್ ಕಂಪನಿ 2006ರಲ್ಲಿ, ಸೀಗೇಟ್ ಕಂಪನಿ 2007ರಲ್ಲಿ ರಾಜಿಯ ಮೂಲಕ ಬಗೆಹರಿಸಿಕೊಂಡವು. ಅದಕ್ಕೂ ಮೊದಲು, 1998ರ ಡಿಸೆಂಬರ್‌ನಲ್ಲಿ, ಅಂತರರಾಷ್ಟ್ರೀಯ ವಿದ್ಯುತ್ ತಂತ್ರಜ್ಞಾನ ಆಯೋಗವು 1024ರ ಲೆಕ್ಕಕ್ಕೆ ಕಿಬಿ, ಮೆಬಿ, ಗಿಬಿ ಎಂಬ ಬೇರೆ ಹೆಸರುಗಳನ್ನು ಕೊಟ್ಟಿತ್ತು. ಆಪಲ್ ಕಂಪನಿ 2009ರಲ್ಲಿ ತನ್ನ ಗಣಕಗಳ ಲೆಕ್ಕವನ್ನು 1000ಕ್ಕೆ ಬದಲಿಸಿತು. ವಿಂಡೋಸ್ ಮಾತ್ರ 1024ರಿಂದ ಭಾಗಿಸಿ 'ಜಿಬಿ' ಎಂದೇ ಬರೆಯುವುದನ್ನು ಬಿಟ್ಟಿಲ್ಲ. ಒಂದೇ ಡಿಸ್ಕನ್ನು ಎರಡು ಗಣಕಗಳಿಗೆ ಹಚ್ಚಿದರೆ ಎರಡು ಸಂಖ್ಯೆ ಕಾಣಲು ಇದೇ ಕಾರಣ.

ಫ್ಲಾಪಿಯ ಒಳಗಿನ ಖರಾಬು

ಅಳತೆಗೋಲಿನ ಮಾತು ಮುಗಿಯಿತು. ಇನ್ನು ನಿಜವಾದ ಕಳೆತಕ್ಕೆ ಬರೋಣ.

1956ರಲ್ಲಿ ಐಬಿಎಂ ಕಂಪನಿ ಹೊರತಂದ ರಾಮಾಕ್ ಯಂತ್ರದಲ್ಲಿ ಮೊದಲ ಹಾರ್ಡ್ ಡಿಸ್ಕ್ ಇತ್ತು. 24 ಅಂಗುಲ ವ್ಯಾಸದ 50 ತಟ್ಟೆಗಳು, ಅವುಗಳಲ್ಲಿ 50 ಲಕ್ಷ ಅಕ್ಷರಗಳು. ತಲಾ 100 ಅಕ್ಷರಗಳ 50 ಸಾವಿರ ಖಾನೆಗಳು ಎನ್ನಿ. ಯಾವ ಖಾನೆಯಲ್ಲಿ ಏನಿದೆ ಎಂಬುದನ್ನು ನೋಡಿಕೊಳ್ಳುವ ಹೊಣೆ ಕ್ರಮವಿಧಿ ಬರೆಯುವವನದು. ಡಿಸ್ಕಿನ ಮೇಲೆ ನಾವಿಂದು ತಿಳಿದಿರುವಂಥ ಕಡತ ವ್ಯವಸ್ಥೆ ಇರಲಿಲ್ಲವಾದ್ದರಿಂದ ಅದರ ಖರ್ಚೂ ಇರಲಿಲ್ಲ. ಖರ್ಚೆಲ್ಲ ಮನುಷ್ಯನ ತಲೆಯ ಮೇಲೆ.

ಕಡತಗಳಿಗೆ ಹೆಸರಿಟ್ಟು ಕರೆಯುವ ಅನುಕೂಲ ಬೇಕೆಂದ ಮೇಲೆ ಹೆಸರು, ಅಳತೆ, ದಿನಾಂಕ, ಜಾಗ ಇವನ್ನೆಲ್ಲ ಎಲ್ಲಾದರೂ ಬರೆದಿಡಲೇಬೇಕು. ಮಾಹಿತಿಯ ಕುರಿತಾದ ಈ ಮಾಹಿತಿಗೆ 'ಮೆಟಾಡೇಟಾ' ಎಂದು ಹೆಸರು. ಇದನ್ನು ಬರೆಯಲು ಅದೇ ಡಿಸ್ಕಿನ ಜಾಗವೇ ಬೇಕು. ಅಲ್ಲಿಂದ ಖರಾಬಿನ ಕಥೆ ಆರಂಭವಾಯಿತು.

ಅದನ್ನು ಬೆರಳೆಣಿಕೆಯಲ್ಲಿ ತೋರಿಸುವ ಉದಾಹರಣೆ, 1990ರ ದಶಕದಲ್ಲಿ ನಮ್ಮ ಕಾಲೇಜು, ಕಚೇರಿಗಳಲ್ಲೆಲ್ಲ ಕಾಣುತ್ತಿದ್ದ ಮೂರೂವರೆ ಅಂಗುಲದ ಫ್ಲಾಪಿ. ಅದರ ಕಚ್ಚಾ ಸಾಮರ್ಥ್ಯ 2 ಎಂಬಿ. ಫಾರ್ಮ್ಯಾಟ್ ಮಾಡಿದ ಮೇಲೆ 1.44 ಎಂಬಿ. ನಡುವಿನದು ಎಲ್ಲಿ ಹೋಯಿತು? ಓದುವ ತಲೆ ತಿರುಗುವ ತಟ್ಟೆಯ ಮೇಲೆ ತಾನೆಲ್ಲಿದ್ದೇನೆಂದು ತಿಳಿಯಬೇಕು, ತನ್ನ ಗಡಿಯಾರವನ್ನು ತಟ್ಟೆಯ ವೇಗಕ್ಕೆ ಹೊಂದಿಸಿಕೊಳ್ಳಬೇಕು, ಓದಿದ್ದು ಸರಿಯೆ ಎಂದು ಪರೀಕ್ಷಿಸಬೇಕು. ಅದಕ್ಕಾಗಿ ಪ್ರತಿ ಸೆಕ್ಟರಿನ ಮುಂದೆ ವಿಳಾಸ, ಹಿಂದೆ ಪರೀಕ್ಷಾ ಸಂಖ್ಯೆ, ನಡುವೆ ತೆರಪು ಬಿಡುತ್ತಾರೆ. ಹೊಲದ ಬದುಗಳಿದ್ದಂತೆ ಇವು.

ಉಳಿದದ್ದು ತಲಾ 512 ಬೈಟ್‌ಗಳ 2880 ಸೆಕ್ಟರ್, ಅಂದರೆ 14,74,560 ಬೈಟ್. ಮೊದಲ ಸೆಕ್ಟರ್ ಗಣಕವನ್ನು ಎಬ್ಬಿಸುವ ವಿಧಿಗೆ ಮೀಸಲು. ಮುಂದಿನ 18 ಸೆಕ್ಟರ್‌ಗಳಲ್ಲಿ ಯಾವ ಜಾಗ ಯಾವ ಕಡತಕ್ಕೆ ಸೇರಿದೆ ಎಂಬ ಕೋಷ್ಟಕ. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು 9ರಂತೆ ಎರಡು ಪ್ರತಿ. ಆಮೇಲೆ ಕಡತಗಳ ಹೆಸರಿನ ಪಟ್ಟಿಗೆ 14 ಸೆಕ್ಟರ್. ತಲಾ 32 ಬೈಟ್‌ಗಳ 224 ಸಾಲುಗಳು. ಕೂಡಿಸಿ ನೋಡಿ: 1, 18, 14, ಒಟ್ಟು 33 ಸೆಕ್ಟರ್, ಅಂದರೆ 16,896 ಬೈಟ್. ಇದನ್ನು ಕಳೆದರೆ 14,57,664. ಡಾಸ್ ಬಳಸಿದವರಿಗೆ ಈ ಸಂಖ್ಯೆ ನೆನಪಿರಬಹುದು. ಖಾಲಿ ಫ್ಲಾಪಿಯನ್ನು ಫಾರ್ಮ್ಯಾಟ್ ಮಾಡಿದಾಗ ತೆರೆಯ ಮೇಲೆ 'ಒಟ್ಟು ಜಾಗ' ಎಂದು ಮೂಡುತ್ತಿದ್ದದ್ದು ಇದೇ.

ಇಲ್ಲಿ ಒಂದು ಸೂಕ್ಷ್ಮವಿದೆ. ಡಾಸ್ ಖರಾಬನ್ನು ಮೊದಲೇ ಕಳೆದು, ಉಳಿದದ್ದನ್ನೇ 'ಒಟ್ಟು' ಎಂದು ಕರೆಯಿತು. ಕಳೆದದ್ದು ಎಷ್ಟು ಎಂಬ ಸಾಲನ್ನು ತೋರಿಸಲಿಲ್ಲ. ಖರಾಬು ಶೇ. 1.15 ಮಾತ್ರ ಆಗಿದ್ದರಿಂದ ಯಾರೂ ಕೇಳಲೂ ಇಲ್ಲ. ಇನ್ನು '1.44 ಎಂಬಿ' ಎಂಬ ಹೆಸರೂ ಎರಡು ಗೋಲುಗಳ ಬೆರಕೆ: 1440ನ್ನು 1024ರಿಂದ ಗುಣಿಸಿದ್ದು. ಪೂರ್ತಿ 1000ದ ಗೋಲಿನಲ್ಲಿ ಅದು 1.47, ಪೂರ್ತಿ 1024ರ ಗೋಲಿನಲ್ಲಿ 1.41.

ಐನೋಡ್ ಎಂಬ ಪುಟ

ಇದಕ್ಕಿಂತ ಭಿನ್ನವಾದ ದಾರಿಯನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಇಬ್ಬರೂ ಹಿಡಿದರು. 1969ರಲ್ಲಿ ಹುಟ್ಟಿದ ಯುನಿಕ್ಸ್‌ನಲ್ಲಿ ಕಡತದ ಹೆಸರು ಬೇರೆ, ಕಡತದ ವಿವರ ಬೇರೆ. ವಿವರಗಳೆಲ್ಲ 'ಐನೋಡ್' ಎಂಬ ಚಿಕ್ಕ ದಾಖಲೆಯಲ್ಲಿ ಇರುತ್ತವೆ: ಒಡೆಯ ಯಾರು, ಉದ್ದ ಎಷ್ಟು, ಯಾವಾಗ ಬದಲಾಯಿತು, ಮಾಹಿತಿ ಡಿಸ್ಕಿನಲ್ಲಿ ಎಲ್ಲೆಲ್ಲಿದೆ. ಡಿಸ್ಕನ್ನು ಸಿದ್ಧಪಡಿಸುವಾಗಲೇ ಇಷ್ಟು ಐನೋಡ್ ಎಂದು ಒಂದು ಭಾಗವನ್ನು ತೆಗೆದಿಡುತ್ತಿದ್ದರು. ಮೋಜಣಿಯ ದಿನವೇ ಖರಾಬು ಗೊತ್ತುಮಾಡಿದ ಹಾಗೆ.

ಹೆಸರಿಗೆ ಇದ್ದ ಜಾಗ 14 ಬೈಟ್. ಕಡತಪಟ್ಟಿಯ ಒಂದು ಸಾಲು 16 ಬೈಟ್. ಅದರಲ್ಲಿ 2 ಬೈಟ್ ಐನೋಡಿನ ಸಂಖ್ಯೆಗೆ ಹೋಗುತ್ತಿತ್ತು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ನಮ್ಮ ಲಿಪಿಯ ಪಾಡೇನು? ಈಗ ಬಳಕೆಯಲ್ಲಿರುವ ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ 3 ಬೈಟ್ ಬೇಕು. 'ಯಂಕಂಚಿ' ಎಂಬ ಹೆಸರನ್ನು ಬಿಡಿಸಿ ನೋಡಿ: ಯ, ಸೊನ್ನೆ, ಕ, ಸೊನ್ನೆ, ಚ, ಗುಡಿಸು. ಆರು ಚಿಹ್ನೆ, 18 ಬೈಟ್. ಅಂದಿನ ಯುನಿಕ್ಸ್ ಸಾಲಿನಲ್ಲಿ ಈ ಊರಿನ ಹೆಸರೇ ಹಿಡಿಸುತ್ತಿರಲಿಲ್ಲ! ಮುಂದೆ 1992ರಲ್ಲಿ ಯುಟಿಎಫ್-8ನ್ನು ರೂಪಿಸಿದವರಲ್ಲಿ ಒಬ್ಬರು ಅದೇ ಕೆನ್ ಥಾಂಪ್ಸನ್, ಇನ್ನೊಬ್ಬರು ರಾಬ್ ಪೈಕ್. ಇಂದಿನ ಲಿನಕ್ಸ್ ವ್ಯವಸ್ಥೆಯಲ್ಲಿ ಹೆಸರಿನ ಮಿತಿ 255 ಬೈಟ್, ಅಂದರೆ ಕನ್ನಡದ 85 ಚಿಹ್ನೆಗಳು.

ಬರ್ಕ್‌ಲಿಯ ಅಳತೆ

ಹಳೆಯ ಯುನಿಕ್ಸ್ ಜಾಗವನ್ನು ಚೆನ್ನಾಗಿ ಉಳಿಸುತ್ತಿತ್ತು, ಆದರೆ ನಿಧಾನ. ಕಡತಗಳು 512 ಬೈಟ್‌ಗಳ ತುಂಡುಗಳಾಗಿ ಡಿಸ್ಕಿನ ತುಂಬ ಚೆಲ್ಲಾಪಿಲ್ಲಿಯಾಗುತ್ತಿದ್ದವು. ಡಿಸ್ಕಿನ ಶಕ್ತಿಯಲ್ಲಿ ಶೇ. 2ರಷ್ಟು ಮಾತ್ರ ಬಳಕೆಯಾಗುತ್ತಿತ್ತು. ಕ್ಯಾಲಿಫೋರ್ನಿಯದ ಬರ್ಕ್‌ಲಿ ವಿಶ್ವವಿದ್ಯಾಲಯದ ಮೆಕ್‌ಕ್ಯುಸಿಕ್, ಜಾಯ್, ಲೆಫ್ಲರ್, ಫ್ಯಾಬ್ರಿ ಎಂಬ ನಾಲ್ವರು ಇದಕ್ಕೆ ಪರಿಹಾರ ಹುಡುಕಿ 1984ರಲ್ಲಿ ಪ್ರಬಂಧ ಪ್ರಕಟಿಸಿದರು. ನಮ್ಮ ವಿಷಯಕ್ಕೆ ಅದರಲ್ಲಿನ ಒಂದು ಪುಟ್ಟ ಕೋಷ್ಟಕ ಬಹಳ ಮುಖ್ಯ. ಅವರು ಯಂತ್ರದಲ್ಲಿದ್ದ ನಿಜವಾದ ಕಡತಗಳನ್ನೇ ಅಳೆದು ನೋಡಿದರು.

ಬರಿಯ ಮಾಹಿತಿ 775.2 ಎಂಬಿ. ಪ್ರತಿ ಕಡತವೂ 512ರ ಗಡಿಯಲ್ಲೇ ಆರಂಭವಾಗಬೇಕು ಎಂದರೆ ಅದು 807.8ಕ್ಕೆ ಏರುತ್ತದೆ. ಐನೋಡ್‌ಗಳನ್ನೂ ಸೇರಿಸಿದರೆ 828.7, ಅಂದರೆ ಮಾಹಿತಿಗಿಂತ ಶೇ. 6.9 ಹೆಚ್ಚು. ಖಾನೆಯ ಅಳತೆಯನ್ನು 1024 ಬೈಟಿಗೆ ಹೆಚ್ಚಿಸಿದರೆ ಶೇ. 11.8, 2048 ಆದರೆ ಶೇ. 22.4, 4096 ಆದರೆ ಶೇ. 45.6!

ಯಾಕೆ ಹೀಗೆ? ಕಡತದ ಕೊನೆಯ ಖಾನೆ ಅಪರೂಪಕ್ಕೆ ಮಾತ್ರ ಪೂರ್ತಿ ತುಂಬುತ್ತದೆ. ಸರಾಸರಿ ಅರ್ಧ ಖಾನೆ ಖಾಲಿ. ಖಾನೆ ದೊಡ್ಡದಾದಷ್ಟೂ ಈ ಖಾಲಿ ದೊಡ್ಡದು. ಆದರೆ ಖಾನೆ ದೊಡ್ಡದಾದರೆ ಓದುವ ವೇಗವೂ ಹೆಚ್ಚು. ಜಾಗ ಬೇಕೋ, ವೇಗ ಬೇಕೋ? ಬರ್ಕ್‌ಲಿಯವರು ಎರಡನ್ನೂ ಉಳಿಸಿಕೊಂಡರು. ಖಾನೆ 4096 ಬೈಟ್ ಇರಲಿ, ಕಡತದ ಬಾಲ ಮಾತ್ರ ಅದರ ಚಿಕ್ಕ ತುಣುಕಿನಲ್ಲಿ ಇರಲಿ ಎಂದರು. 512ರ ತುಣುಕು ಮಾಡಿದಾಗ ನಷ್ಟ ಮತ್ತೆ ಹಳೆಯ ಮಟ್ಟಕ್ಕೆ ಇಳಿಯಿತು. ಡಿಸ್ಕಿನ ಶಕ್ತಿಯ ಬಳಕೆ ಶೇ. 47ರವರೆಗೂ ಏರಿತು.

ಇನ್ನೊಂದು ನಿರ್ಧಾರವನ್ನೂ ಅವರು ಮಾಡಿದರು. ಡಿಸ್ಕ್ ಪೂರ್ತಿ ತುಂಬಿದರೆ ಹೊಸ ಕಡತಕ್ಕೆ ಒಂದೆಡೆ ಜಾಗ ಸಿಗದು, ವೇಗ ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಶೇ. 10ರಷ್ಟನ್ನು ಸಾಮಾನ್ಯ ಬಳಕೆದಾರರಿಗೆ ಕೊಡದೆ ಮೀಸಲಿಟ್ಟರು. ಮೇಲ್ವಿಚಾರಕನಿಗೆ ಮಾತ್ರ ಅದನ್ನು ಮುಟ್ಟುವ ಅಧಿಕಾರ. ಇದರಿಂದ ಒಂದು ವಿನೋದವೂ ಹುಟ್ಟಿತು. ಮೇಲ್ವಿಚಾರಕ ಮೀಸಲು ಜಾಗಕ್ಕೂ ಕೈಹಾಕಿದಾಗ ಬರ್ಕ್‌ಲಿ ಯುನಿಕ್ಸ್ 'ಡಿಸ್ಕ್ ಶೇ. 100ಕ್ಕಿಂತ ಹೆಚ್ಚು ತುಂಬಿದೆ' ಎಂದು ವರದಿ ಮಾಡುತ್ತಿತ್ತು. ಲೆಕ್ಕ ತಪ್ಪಲ್ಲ, ಛೇದದಲ್ಲಿ ಮೀಸಲನ್ನು ಬಿಟ್ಟಿದ್ದಾರೆ, ಅಷ್ಟೆ.

ಲಿನಕ್ಸ್: ಒಂದೇ ಡಿಸ್ಕ್, ಎರಡು ವರದಿ

1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಬರೆದಾಗ, ಆಂಡ್ರ್ಯೂ ಟನೆನ್‌ಬಾಮ್ ಪಾಠಕ್ಕೆಂದು ರೂಪಿಸಿದ್ದ ಮಿನಿಕ್ಸ್‌ನ ಕಡತ ವ್ಯವಸ್ಥೆಯನ್ನೇ ಬಳಸಿದರು. ಅದರ ಮಿತಿ 64 ಎಂಬಿ, ಹೆಸರಿಗೆ 14 ಅಕ್ಷರ. ಅದು ಸಾಲದೆ 1992ರಲ್ಲಿ ರೆಮಿ ಕಾರ್ಡ್ ಎಂಬ ಫ್ರಾನ್ಸ್‌ನ ತಜ್ಞ 'ಎಕ್ಸ್ಟ್' ಎಂಬ ವ್ಯವಸ್ಥೆಯನ್ನು ರಚಿಸಿದರು. 1993ರಲ್ಲಿ ಅದರ ಎರಡನೆಯ ಆವೃತ್ತಿ, 2001ರಲ್ಲಿ ಮೂರನೆಯದು, 2008ರಲ್ಲಿ ನಾಲ್ಕನೆಯದು ಲಿನಕ್ಸ್‌ಗೆ ಸೇರಿದವು.

ಈ ಎಕ್ಸ್ಟ್ ವ್ಯವಸ್ಥೆಯೊಳಗೆ ಇಂದಿಗೂ ಎರಡು ಆಯ್ಕೆಗಳಿವೆ. ಒಂದರ ಹೆಸರು 'ಮಿನಿಕ್ಸ್ ಡಿಎಫ್', ಇನ್ನೊಂದು 'ಬಿಎಸ್‌ಡಿ ಡಿಎಫ್'. ಡಿಎಫ್ ಎಂಬುದು ಖಾಲಿ ಜಾಗ ಎಷ್ಟಿದೆ ಎಂದು ಕೇಳುವ ಆಜ್ಞೆ. ಮೊದಲನೆಯದನ್ನು ಆರಿಸಿದರೆ ಖರಾಬೂ ಸೇರಿ ಒಟ್ಟು ವಿಸ್ತೀರ್ಣವನ್ನು ಹೇಳುತ್ತದೆ. ಎರಡನೆಯದು ಮೆಟಾಡೇಟಾದ ಜಾಗವನ್ನು ಕಳೆದು ಉಳಿದದ್ದನ್ನೇ ಒಟ್ಟು ಎನ್ನುತ್ತದೆ. ನೀವು ಏನೂ ಹೇಳದಿದ್ದರೆ ಎರಡನೆಯದೇ ನಡೆಯುತ್ತದೆ. ಡಿಸ್ಕ್ ಅದೇ, ಕಡತಗಳು ಅವೇ. ವರದಿ ಮಾತ್ರ ಎರಡು. 'ಡಿಸ್ಕಿನಲ್ಲಿ ಎಷ್ಟು ಜಾಗವಿದೆ' ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈಗ ನಮ್ಮ 1 ಟಿಬಿ ಡಿಸ್ಕಿನ ಉತಾರ ಬರೆಯಬಹುದು. ಎಕ್ಸ್ಟ್-4 ತಾನಾಗಿ ಪ್ರತಿ 16,384 ಬೈಟಿಗೆ ಒಂದರಂತೆ ಐನೋಡ್ ತೆಗೆದಿಡುತ್ತದೆ. ಒಂದು ಐನೋಡ್ 256 ಬೈಟ್. ಭಾಗಿಸಿದರೆ ಶೇ. 1.56. ನಮ್ಮ ಡಿಸ್ಕಿನಲ್ಲಿ ಸುಮಾರು 6.1 ಕೋಟಿ ಐನೋಡ್‌ಗಳು. 1024ರ ಗೋಲಿನಲ್ಲಿ ಸುಮಾರು 14.6 ಜಿಬಿ. 931ರಲ್ಲಿ ಇದನ್ನೂ ಇತರ ಚಿಲ್ಲರೆ ಖರ್ಚನ್ನೂ ಕಳೆಯಿರಿ, 916ರ ಆಸುಪಾಸು ಬರುತ್ತದೆ. ಇನ್ನು ಬರ್ಕ್‌ಲಿಯಿಂದ ಬಂದ ಮೀಸಲಿನ ಪದ್ಧತಿ. ಇಲ್ಲಿ ಅದು ಶೇ. 5, ಅಂದರೆ ಸುಮಾರು 46.6 ಜಿಬಿ. ಅದನ್ನು ಕಳೆದರೆ ಉಳಿಯುವುದು 870. ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು ತಾನೆ? ಐನೋಡ್ ನಮ್ಮ ಕಣ, ಮೀಸಲು ನಮ್ಮ ದಾರಿ. ಒಂದು ವ್ಯತ್ಯಾಸವಿದೆ: ಬರಿಯ ಕಡತಗಳನ್ನು ಕೂಡಿಡುವ ಡಿಸ್ಕಾದರೆ ಈ ಮೀಸಲನ್ನು ಒಂದು ಆಜ್ಞೆಯಿಂದ ಶೇ. 1ಕ್ಕೆ ಇಳಿಸಬಹುದು. ಕಾರ್ಯವ್ಯವಸ್ಥೆ ಇರುವ ಡಿಸ್ಕಿನಲ್ಲಿ ಹಾಗೆ ಮಾಡಬಾರದು. ಡಿಸ್ಕ್ ತುಂಬಿಹೋದ ದಿನ ಗಣಕ ಉಸಿರಾಡುವುದು ಆ ಮೀಸಲಿನಿಂದಲೇ.

ಎಲ್ಲ ವ್ಯವಸ್ಥೆಗಳೂ ಹೀಗೆ ಕಳೆದು ಹೇಳುವುದಿಲ್ಲ. ಲಿನಕ್ಸ್‌ನಲ್ಲೇ ಬಳಸುವ ಎಕ್ಸ್‌ಎಫ್‌ಎಸ್ ವ್ಯವಸ್ಥೆ ಒಟ್ಟು ಜಾಗವನ್ನು ಬಹುಮಟ್ಟಿಗೆ ಪೂರ್ತಿಯಾಗಿಯೇ ತೋರಿಸಿ, ತನ್ನ ಮೀಸಲನ್ನು 'ಬಳಕೆಯಾಗಿದೆ' ಎಂಬ ಸಾಲಿಗೆ ಸೇರಿಸುತ್ತದೆ. ಆಗ ಖಾಲಿ ಡಿಸ್ಕಿನಲ್ಲೂ ನೂರಾರು ಎಂಬಿಯಿಂದ ಕೆಲವು ಜಿಬಿಯವರೆಗೆ ಬಳಕೆಯಾದಂತೆ ಕಾಣುತ್ತದೆ. ಒಬ್ಬ ಲೆಕ್ಕಿಗ ಆದಾಯವನ್ನೇ ಕಡಿಮೆ ಬರೆದ, ಇನ್ನೊಬ್ಬ ಖರ್ಚನ್ನು ಹೆಚ್ಚು ಬರೆದ. ಕೊನೆಯ ಶಿಲ್ಕು ಮಾತ್ರ ಇಬ್ಬರದೂ ನಿಜ. 1993ರಲ್ಲಿ ವಿಂಡೋಸ್ ಎನ್‌ಟಿಯೊಡನೆ ಬಂದ ಎನ್‌ಟಿಎಫ್‌ಎಸ್ ಕೂಡ ಎರಡನೆಯ ದಾರಿಯದೇ. ಅದರ ಮೆಟಾಡೇಟಾ ಮರೆಯಲ್ಲಿರುವ ಕಡತಗಳ ರೂಪದಲ್ಲಿದೆ. ಹಾಗಾಗಿ ಕಾಣುವ ಕಡತಗಳನ್ನೆಲ್ಲ ಕೂಡಿಸಿದರೂ ಅದು 'ಬಳಕೆಯಾದ ಜಾಗ'ಕ್ಕೆ ಸಮವಾಗದು.

ಜಾಗವಿದ್ದೂ ಜಾಗವಿಲ್ಲ

ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಹೊಲದ ಖರಾಬು ಒಮ್ಮೆ ಗೊತ್ತಾದರೆ ಸಾಮಾನ್ಯವಾಗಿ ಹಾಗೆಯೇ ಇರುತ್ತದೆ. ಡಿಸ್ಕಿನ ಖರಾಬು ನೀವು ಬಿತ್ತುವ ಬೆಳೆಯ ಮೇಲೆ ನಿಂತಿದೆ. ಸಣ್ಣ ಕಡತಗಳನ್ನು ಲಕ್ಷಗಟ್ಟಲೆ ತುಂಬಿದರೆ ಖರಾಬು ಬೆಳೆಯುತ್ತದೆ.

'ಯಂಕಂಚಿ' ಎಂಬ ಒಂದೇ ಪದವಿರುವ ಕಡತವನ್ನು ಉಳಿಸಿ ನೋಡಿ. ಅದರ ಅಳತೆ 18 ಬೈಟ್. ಎಕ್ಸ್ಟ್-4ರಲ್ಲಿ ಅದು ಸಾಮಾನ್ಯವಾಗಿ ಹಿಡಿಯುವ ಜಾಗ 4096 ಬೈಟ್. 64 ಜಿಬಿಯ ಪೆನ್ ಡ್ರೈವನ್ನು ವಿಂಡೋಸ್‌ನಲ್ಲಿ ಎಕ್ಸ್‌ಫ್ಯಾಟ್ ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಿದರೆ ಒಂದು ಖಾನೆ ತಾನಾಗಿ 128 ಕೆಬಿ ಆಗುತ್ತದೆ. ಅದರಲ್ಲಿ ಇದೇ 18 ಬೈಟಿಗೆ 1,31,072 ಬೈಟ್ ಬೇಕು. ಏಳು ಸಾವಿರ ಪಟ್ಟಿಗೂ ಹೆಚ್ಚು! ಎನ್‌ಟಿಎಫ್‌ಎಸ್‌ನಲ್ಲಿ ಇದಕ್ಕೆ ತೀರ ವಿರುದ್ಧ. ಅಲ್ಲಿ ಇಷ್ಟು ಚಿಕ್ಕ ಮಾಹಿತಿ ಕಡತದ ದಾಖಲೆಯೊಳಗೇ ಅಡಗಿ ಕೂರುತ್ತದೆ. ಹೊಸ ವಿಂಡೋಸ್‌ಗಳು ಇದರ 'ಡಿಸ್ಕಿನ ಮೇಲಿನ ಅಳತೆ' 0 ಬೈಟ್ ಎಂದು ತೋರಿಸುತ್ತವೆ. ಸೊನ್ನೆ ಹೇಗಾದೀತು? ಆ ದಾಖಲೆಗೆ ಬೇಕಾದ 1 ಕೆಬಿ ಮೆಟಾಡೇಟಾದ ಖಾತೆಗೆ ಬಿದ್ದಿದೆ, ನಿಮ್ಮ ಖಾತೆಗಲ್ಲ.

ಇದು ಬರಿಯ ತಮಾಷೆಯಲ್ಲ. 2000ದ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೆಲೆಯಾಗಿದ್ದ ಭಾರತದ ಡಿಜಿಟಲ್ ಗ್ರಂಥಾಲಯ ಯೋಜನೆ ಕನ್ನಡವೂ ಸೇರಿ ಹಲವು ಭಾಷೆಗಳ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿತು. ಅದು ಸೇರಿದ್ದ ದೊಡ್ಡ ಯೋಜನೆಯ ಗುರಿ 10 ಲಕ್ಷ ಪುಸ್ತಕ. ಪ್ರತಿ ಪುಟಕ್ಕೂ ಒಂದೊಂದು ಚಿತ್ರಕಡತ. ಪುಸ್ತಕಕ್ಕೆ 300 ಪುಟ ಎಂದಿಟ್ಟುಕೊಂಡು ನಾವೇ ಲೆಕ್ಕ ಹಾಕೋಣ. ಖಾನೆ 4 ಕೆಬಿ ಇದ್ದರೆ ಒಂದು ಪುಸ್ತಕಕ್ಕೆ ಬಾಲಗಳ ನಷ್ಟ ಸುಮಾರು 600 ಕೆಬಿ. ಖಾನೆ 128 ಕೆಬಿ ಇದ್ದರೆ ಸುಮಾರು 19 ಎಂಬಿ. 10 ಲಕ್ಷ ಪುಸ್ತಕ ಎಂದರೆ 30 ಕೋಟಿ ಕಡತ. ಎಕ್ಸ್ಟ್-4ರ ರೂಢಿಯಂತೆ ಸಿದ್ಧಪಡಿಸಿದ 1 ಟಿಬಿಯ ಡಿಸ್ಕಿನಲ್ಲಿ ಇರುವುದು 6.1 ಕೋಟಿ ಐನೋಡ್. ಪುಟಗಳ ಗಾತ್ರ ಎಷ್ಟೇ ಇರಲಿ, ಎಣಿಕೆಗೇ ಅಂಥ ಐದು ಡಿಸ್ಕು ಬೇಕು.

ಎಕ್ಸ್ಟ್ ವ್ಯವಸ್ಥೆಯಲ್ಲಿ ಐನೋಡ್‌ಗಳ ಸಂಖ್ಯೆ ಫಾರ್ಮ್ಯಾಟ್ ಮಾಡಿದ ದಿನವೇ ನಿಗದಿಯಾಗುತ್ತದೆ. ಅವು ಮುಗಿದರೆ, ನೂರಾರು ಜಿಬಿ ಖಾಲಿಯಿದ್ದರೂ ಗಣಕ 'ಜಾಗವಿಲ್ಲ' ಎನ್ನುತ್ತದೆ. ಹೊಲ ಖಾಲಿಯಿದೆ, ಉತಾರದ ಹಾಳೆ ಮುಗಿದಿದೆ! ಇಂಥ ಸಂದರ್ಭದಲ್ಲಿ ಹೊಸ ಡಿಸ್ಕಿಗೆ ಹಣ ಚೆಲ್ಲುವ ಮೊದಲು ಐನೋಡ್‌ಗಳ ಲೆಕ್ಕ ಕೇಳಿ. ಡಿಎಫ್ ಆಜ್ಞೆಗೆ 'ಐ' ಎಂಬ ಸೂಚನೆ ಸೇರಿಸಿದರೆ ಅದು ಹೇಳುತ್ತದೆ.

ಇನ್ನೂ ಹೊಸ ವ್ಯವಸ್ಥೆಗಳಲ್ಲಿ ಲೆಕ್ಕ ಮತ್ತಷ್ಟು ಜಟಿಲ. 2005ರಲ್ಲಿ ಸನ್ ಕಂಪನಿ ಬಿಡುಗಡೆ ಮಾಡಿದ ಜೆಡ್‌ಎಫ್‌ಎಸ್, 2007ರಲ್ಲಿ ಒರಾಕಲ್ ಆರಂಭಿಸಿದ ಬಿಟಿಆರ್‌ಎಫ್‌ಎಸ್ ಹಳೆಯದರ ಮೇಲೆ ಸಾಮಾನ್ಯವಾಗಿ ಬರೆಯುವುದಿಲ್ಲ. ಬದಲಾದುದನ್ನು ಬೇರೆ ಜಾಗದಲ್ಲಿ ಬರೆದು, ಆಮೇಲೆ ಹಳೆಯದನ್ನು ಬಿಡುತ್ತವೆ. ನಡುವೆ ವಿದ್ಯುತ್ ಹೋದರೂ ಮಾಹಿತಿ ಕೆಡುವುದಿಲ್ಲ. ಆದರೆ ಇದರ ಅರ್ಥವೇನು? ಒಂದು ಕಡತವನ್ನು ಅಳಿಸಲೂ ಸ್ವಲ್ಪ ಖಾಲಿ ಜಾಗ ಬೇಕು! ಅದಕ್ಕೇ ಜೆಡ್‌ಎಫ್‌ಎಸ್ ಸಾಮಾನ್ಯವಾಗಿ 32ರಲ್ಲಿ ಒಂದು ಪಾಲನ್ನು ಯಾರಿಗೂ ಕೊಡದೆ ಇಟ್ಟುಕೊಳ್ಳುತ್ತದೆ. ತೀರ ದೊಡ್ಡ ಸಂಗ್ರಹಗಳಿಗೆ ಮಾತ್ರ ಇದಕ್ಕೊಂದು ಮೇಲ್ಮಿತಿ ಇದೆ.

ಖರಾಬು ಕಡಿಮೆಯಾದ ಉದಾಹರಣೆಯೂ ಉಂಟು. ಹಾರ್ಡ್ ಡಿಸ್ಕಿನ ಸೆಕ್ಟರ್ ಬಹುಕಾಲ 512 ಬೈಟ್ ಇತ್ತು. ಅದಕ್ಕೆ ತೆರಪು, ವಿಳಾಸ ಇತ್ಯಾದಿಗೆ 15, ದೋಷ ತಿದ್ದುವ ಸಂಕೇತಕ್ಕೆ 50 ಬೈಟ್ ಸೇರುತ್ತಿತ್ತು. ಮಾಹಿತಿಗೆ ದಕ್ಕುತ್ತಿದ್ದದ್ದು ಶೇ. 88.7. 2010ರ ಸುಮಾರಿಗೆ ತಯಾರಕರು 4096 ಬೈಟ್‌ಗಳ ಸೆಕ್ಟರಿಗೆ ಬದಲಾದರು. 15ಕ್ಕೆ 15, 50ರ ಬದಲು 100 ಬೈಟ್. ದಕ್ಕುವ ಪಾಲು ಶೇ. 97.3ಕ್ಕೆ ಏರಿತು. ಎಂಟು ತುಂಡು ಹೊಲಗಳನ್ನು ಒಂದು ಮಾಡಿ ನಡುವಿನ ಬದುಗಳನ್ನು ತೆಗೆದಂತೆ.

ಕೊರತೆಯೋ ಕಳ್ಳತನವೋ?

ಇಷ್ಟೆಲ್ಲ ತಿಳಿದು ನಮಗೇನು ಪ್ರಯೋಜನ ಎನ್ನುತ್ತೀರಾ? ಮಾರುಕಟ್ಟೆಯಲ್ಲಿ ಅಗ್ಗದ ನಕಲಿ ಪೆನ್ ಡ್ರೈವ್‌ಗಳು ಬೇಕಾದಷ್ಟಿವೆ. ಅವುಗಳ ನಿಯಂತ್ರಕ ಚಿಪ್ಪನ್ನು ತಿದ್ದಿ, ಒಳಗೆ 8 ಜಿಬಿ ಇದ್ದರೂ 256 ಎಂದು ಹೇಳುವಂತೆ ಮಾಡಿರುತ್ತಾರೆ. ಗಣಕ ಅದನ್ನೇ ನಂಬಿ ವರದಿ ಮಾಡುತ್ತದೆ. 8 ಜಿಬಿ ತುಂಬಿದ ಮೇಲೆ ಬರೆದದ್ದು ಎಲ್ಲೂ ಉಳಿಯುವುದಿಲ್ಲ, ಇಲ್ಲವೆ ಮೊದಲಿನದನ್ನು ಅಳಿಸುತ್ತದೆ. ಮಕ್ಕಳ ಫೋಟೋ, ವಿದ್ಯಾರ್ಥಿಯ ಪ್ರಬಂಧ, ಗ್ರಾಮದ ದಾಖಲೆ ಯಾವುದೂ ಮರಳಿ ಸಿಗದು. ವಿಪರ್ಯಾಸ ನೋಡಿ: 16 ಜಿಬಿಯ ಪ್ರಾಮಾಣಿಕ ಪೆನ್ ಡ್ರೈವ್ 14.9 ಎಂದು ತೋರಿಸಿದಾಗ ನಾವು ಜಗಳಕ್ಕೆ ಹೋಗುತ್ತೇವೆ. ಸುಳ್ಳು ಹೇಳುವ ಡ್ರೈವ್ ದೊಡ್ಡ ಸಂಖ್ಯೆ ತೋರಿಸಿದಾಗ ಸಂತೋಷಪಡುತ್ತೇವೆ.

ಆದ್ದರಿಂದ ಈ ಮೂರು ಮಾತು ನೆನಪಿಡಿ. ಒಂದು: ಜಿಬಿಯಲ್ಲಿ ಬರೆದ ಸಾಮರ್ಥ್ಯವನ್ನು 0.93ರಿಂದ ಗುಣಿಸಿ, ವಿಂಡೋಸ್ ತೋರಿಸುವ ಸಂಖ್ಯೆ ಅದರ ಹತ್ತಿರವಿದ್ದರೆ ಮೋಸವಾಗಿಲ್ಲವೆಂದು ಮೇಲ್ನೋಟಕ್ಕೆ ಹೇಳಬಹುದು. ಎರಡು: ಮೇಲ್ನೋಟ ಸಾಲದು. ಹೊಸ ಪೆನ್ ಡ್ರೈವನ್ನು ಕೊನೆಯವರೆಗೆ ತುಂಬಿ, ಮರಳಿ ಓದಿ, ಹೋಲಿಸಿ ನೋಡಿ. ಇದಕ್ಕೆ ಎಫ್3ಯಂಥ ಉಚಿತ ತಂತ್ರಾಂಶಗಳಿವೆ. ಮೂರು: ಶಾಲೆಗೋ ಗ್ರಂಥಾಲಯಕ್ಕೋ ಸಂಗ್ರಹ ಸಾಧನ ಕೊಳ್ಳುವಾಗ ಮಾಹಿತಿ ಎಷ್ಟು ಜಿಬಿ ಎಂದಷ್ಟೇ ಕೇಳಬೇಡಿ, ಕಡತಗಳು ಎಷ್ಟು ಎಂದೂ ಕೇಳಿ. ಪುಟಗಳು ಚಿಕ್ಕವಿದ್ದು ಸಂಖ್ಯೆ ಹೆಚ್ಚಿದ್ದರೆ ಪುಸ್ತಕಕ್ಕೊಂದು ಕಡತವಾಗಿ ಕಟ್ಟಿಡುವುದು ಲೇಸು.

ಮೆಟಾಡೇಟಾ ಹಾಳು ಖರ್ಚಲ್ಲ. ಅದಿಲ್ಲದಿದ್ದರೆ ಡಿಸ್ಕಿನಲ್ಲಿರುವುದು ಯಾರದೆಂದು ತಿಳಿಯದ ಬೈಟ್‌ಗಳ ರಾಶಿ ಮಾತ್ರ. ಆಕ್ಷೇಪವಿರಬೇಕಾದದ್ದು ಖರ್ಚಿಗಲ್ಲ, ಅದನ್ನು ಕಾಣಿಸದೆ ಇಡುವುದಕ್ಕೆ. ಕೆಲವೇ ರೂಪಾಯಿ ಕೊಟ್ಟು ತಂದ ಉತಾರದಲ್ಲಿ ಒಟ್ಟು, ಖರಾಬು, ಉಳಿದದ್ದು ಮೂರೂ ಇದ್ದವು. ಸಾವಿರಾರು ರೂಪಾಯಿಯ ಡಿಸ್ಕಿನ ಪೆಟ್ಟಿಗೆಯ ಮೇಲೂ ಆ ಮೂರು ಸಾಲು ಇರಲಿ ಎಂದು ಕೇಳುವ ಹಕ್ಕು ಕೊಳ್ಳುವವರಿಗಿದೆ. ಅದು ಬರುವವರೆಗೆ ಕಳೆಯುವ ಲೆಕ್ಕವನ್ನು ನಾವೇ ಕಲಿತಿರಬೇಕು.